ಪಿ0401 ಕೋಡ್ ಬಂತು, ಇಜಿಆರ್ ವಾಲ್ವ್ ಬದಲಾಯಿಸೋ ಮುಂಚೆ ನಾನು ಏನೇನು ಚೆಕ್ ಮಾಡ್ದೆ

ನನ್ನದು 1.5 ಲೀಟರ್ ಡೀಸೆಲ್ ಕಾರು, ನಾಲ್ಕು ಸಿಲಿಂಡರ್, ಟರ್ಬೊ ಇದೆ. ಚೆಕ್ ಎಂಜಿನ್ ಲೈಟ್ ಹತ್ಕೊಳ್ಳೋದು, ಸ್ವಲ್ಪ ದಿನ ಬಿಟ್ಟು ತಾನೇ ಆರೋದು, ಮತ್ತೆ ಹೈವೇಲಿ ಒಂದೇ ಸ್ಪೀಡಲ್ಲಿ ಹೋಗ್ತಿರುವಾಗ ಹತ್ಕೊಳ್ಳೋದು, ಹೀಗೇ ನಡೀತಿತ್ತು. ಓಡಿಸೋಕೆ ಮಾತ್ರ ಏನೂ ತೊಂದ್ರೆ ಇಲ್ಲ, ಪಿಕಪ್ ಚೆನ್ನಾಗಿದೆ, ಕಪ್ಪು ಹೊಗೆ ಇಲ್ಲ, ಐಡ್ಲಿಂಗ್‌ನಲ್ಲಿ ಆ ಡೀಸೆಲ್ ಟಕಟಕ ಸದ್ದು ಮೊದಲಿಗಿಂತ ಸ್ವಲ್ಪ ಗಡುಸಾಗಿತ್ತು ಅಷ್ಟೇ. ಸ್ಕ್ಯಾನರ್ ಹಾಕಿದ್ರೆ ಪಿ0401, ಅಂದ್ರೆ ಇಜಿಆರ್ (ಹೊರಗೆ ಹೋಗೋ ಹೊಗೆಯಲ್ಲಿ ಸ್ವಲ್ಪವನ್ನ ಮತ್ತೆ ಎಂಜಿನ್ ಒಳಗೆ ಬಿಡೋ ವ್ಯವಸ್ಥೆ) ಫ್ಲೋ, ಅಂದ್ರೆ ಹೊಗೆಯ ಹರಿವು, ಸಾಲ್ತಿಲ್ಲ ಅಂತ. ಮೊದಲು ತೋರಿಸಿದ ಗ್ಯಾರೇಜಲ್ಲಿ "ಇಜಿಆರ್ ವಾಲ್ವ್ ಹೋಗಿದೆ ಸರ್, ಹೊಸದು ಹಾಕ್ಬಿಡೋಣ" ಅಂದ್ರು, ಬಾನೆಟ್ ಎತ್ತಿ ನೋಡ್ಲೂ ಇಲ್ಲ. ವಾಲ್ವೇ ಹೋಗಿದೆ ಅಂತ ಹೇಗೆ ಗೊತ್ತಾಯ್ತು ಅಂತ ಕೇಳ್ದೆ, ಕೋಡೇ ಹೇಳ್ತಿದೆಯಲ್ಲ ಸರ್ ಅಂದ್ರು.

ಕೋಡ್ ಹಾಗೆ ಹೇಳ್ತಿಲ್ಲ. ಅಲ್ಲಿ ವಾಲ್ವ್ ಅನ್ನೋ ಪದಾನೇ ಇಲ್ಲ, ಫ್ಲೋ ಅಂತ ಇದೆ. ಈ ಎರಡರ ನಡುವೆ ಇರೋ ವ್ಯತ್ಯಾಸ ಗೊತ್ತಿಲ್ದೆ ಎಷ್ಟು ಜನ ಚೆನ್ನಾಗಿರೋ ವಾಲ್ವ್ ಬಿಚ್ಚಿಸಿ ಹೊಸದು ಹಾಕಿಸ್ತಾರೋ, ಆಮೇಲೆ ಅದೇ ಲೈಟ್ ವಾಪಸ್ ಬಂದಾಗ ತಲೆ ಮೇಲೆ ಕೈ ಇಟ್ಕೊಂಡು ಕೂರ್ತಾರೋ, ಅದಕ್ಕೇ ಇದನ್ನ ಇಷ್ಟು ವಿವರವಾಗಿ ಬರೀತಿದೀನಿ.

ಮೊದಲು ಇಜಿಆರ್ ಯಾಕಿದೆ ಅಂತ ಸ್ವಲ್ಪ ಹೇಳಿಬಿಡ್ತೀನಿ, ಇದು ಗೊತ್ತಿಲ್ದೇ ಹೋದ್ರೆ ಮುಂದಿನ ಟೆಸ್ಟ್ ಒಂದೂ ಅರ್ಥ ಆಗಲ್ಲ. ನಾವು ಎಂಜಿನ್ ಒಳಗೆ ಎಳ್ಕೊಳ್ಳೋ ಗಾಳಿಯಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೈಟ್ರೋಜನ್. ಮಾಮೂಲಿಯಾಗಿ ಅದು ಯಾರ ಜೊತೆಗೂ ಸೇರಲ್ಲ, ಸುಮ್ನೆ ಒಳಗೆ ಬಂದು ಹೊರಗೆ ಹೋಗತ್ತೆ. ಆದ್ರೆ ಸಿಲಿಂಡರ್ ಒಳಗಿನ ಉರಿ ಸುಮಾರು 1400 ಡಿಗ್ರಿ ಸೆಲ್ಸಿಯಸ್ ಹತ್ರ ಬಂದು ಅದನ್ನೂ ದಾಟಿದ್ರೆ ನೈಟ್ರೋಜನ್ನು ಆಕ್ಸಿಜನ್ನು ಜೋರಾಗಿ ಸೇರೋಕೆ ಶುರು ಮಾಡತ್ತೆ, ಅದೇ ನೈಟ್ರೋಜನ್ ಆಕ್ಸೈಡ್, ಗ್ಯಾರೇಜ್ ಭಾಷೇಲಿ ನಾಕ್ಸ್. ಶ್ವಾಸಕೋಶಕ್ಕೆ ನೇರವಾಗಿ ಕೆಟ್ಟದ್ದು, ಬಿಸಿಲಲ್ಲಿ ಬೇರೆ ಹೊಗೆಗಳ ಜೊತೆ ಸೇರಿ ನೆಲಮಟ್ಟದಲ್ಲಿ ಓಜೋನ್ ಕೂಡ ಮಾಡತ್ತೆ. ಇದನ್ನ ತಡೆಯೋಕೆ ಒಂದ್ಸಲ ಉರಿದು ಹೊರಗೆ ಹೋಗ್ತಿರೋ ಹೊಗೆಯಲ್ಲಿ ಸ್ವಲ್ಪ ಭಾಗವನ್ನ ತಿರುಗಿ ಇನ್‌ಟೇಕ್‌ಗೆ ಬಿಡ್ತಾರೆ. ಆ ಹೊಗೆಯಲ್ಲಿರೋ ಕಾರ್ಬನ್ ಡೈ ಆಕ್ಸೈಡ್ ಮತ್ತು ನೀರಾವಿ ಶಾಖ ಹೀರ್ಕೊಳ್ತವೆ, ಆಕ್ಸಿಜನ್ ಪಾಲೂ ಕಮ್ಮಿಯಾಗತ್ತೆ, ಉರಿಯ ತಾಪ ಇಳಿಯತ್ತೆ, ನಾಕ್ಸ್ ಇಳಿಯತ್ತೆ. 1970ರ ದಶಕದಲ್ಲೇ ಅಮೆರಿಕದ ಪೆಟ್ರೋಲ್ ಕಾರುಗಳಲ್ಲಿ ಇದು ಬಂದಿತ್ತು.

ಪೆಟ್ರೋಲ್ ಎಂಜಿನ್ನಲ್ಲಿ ಸಾಮಾನ್ಯವಾಗಿ ಶೇಕಡಾ 5ರಿಂದ 15ರಷ್ಟು ಹೊಗೆ ತಿರುಗಿ ಬರತ್ತೆ, ಅದೂ ಐಡ್ಲಿಂಗ್‌ನಲ್ಲಿ ವಾಲ್ವ್ ಮುಚ್ಚಿರತ್ತೆ. ಡೀಸೆಲ್ ಹಾಗಲ್ಲ, ಲೋಡ್ ಕಮ್ಮಿ ಇರುವಾಗ ಅರ್ಧದವರೆಗೂ ಹೊಗೆ ಬಿಡಬಹುದು, ಐಡ್ಲಿಂಗ್‌ನಲ್ಲೂ ತೆರೆದಿರತ್ತೆ. ಎರಡರಲ್ಲೂ ಎಂಜಿನ್ ತಣ್ಣಗಿದ್ದಾಗ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮುಚ್ಕೊಳ್ಳತ್ತೆ.

ಈಗ ಮುಖ್ಯ ವಿಷಯ. ಇಜಿಆರ್ ಪೈಪಲ್ಲಿ ಎಷ್ಟು ಹೊಗೆ ಹೋಗ್ತಿದೆ ಅಂತ ಇಸಿಯುಗೆ, ಅಂದ್ರೆ ಎಂಜಿನ್ ಕಂಪ್ಯೂಟರಿಗೆ, ಹೇಗೆ ಗೊತ್ತಾಗತ್ತೆ? ನನ್ನ ಕಾರಲ್ಲಿ ಆ ಪೈಪಿಗೆ ಮೀಟರೇ ಇಲ್ಲ, ಬಹಳಷ್ಟು ಡೀಸೆಲ್ ಕಾರುಗಳಲ್ಲೂ ಇರಲ್ಲ. ಇರೋದು ಏರ್ ಫಿಲ್ಟರ್ ಪಕ್ಕದ ಮ್ಯಾಫ್ ಸೆನ್ಸರ್, ಅದು ಹೊಸ ಗಾಳಿ ಎಷ್ಟು ಒಳಗೆ ಬರ್ತಿದೆ ಅಂತ ಮಾತ್ರ ಅಳೆಯತ್ತೆ. ಎಂಜಿನ್ ಒಂದು ಸುತ್ತಿಗೆ ನುಂಗೋ ಅಳತೆ ಹೆಚ್ಚುಕಮ್ಮಿ ಅಷ್ಟೇ ಇರೋದ್ರಿಂದ, ಹೊಗೆ ಒಳಗೆ ಬಂದಷ್ಟು ಹೊಸ ಗಾಳಿ ಕಮ್ಮಿ ಆಗ್ಲೇಬೇಕು. ಹಾಗಾಗಿ ಪಿ0401 ಅಂದ್ರೆ ನಿಜವಾಗಿ ಇಸಿಯು ಹೇಳ್ತಿರೋದು ಇಷ್ಟು: "ನಾನು ವಾಲ್ವ್ ತೆಗಿ ಅಂದೆ, ಆದ್ರೆ ಮ್ಯಾಫ್ ರೀಡಿಂಗ್ ಎಷ್ಟು ಇಳೀಬೇಕಿತ್ತೋ ಅಷ್ಟು ಇಳೀಲಿಲ್ಲ." ಅದಕ್ಕೆ ಕಾರಣ ವಾಲ್ವ್ ಆಗಿರಬಹುದು, ಹೊಗೆ ಬರೋ ದಾರಿ ಕಟ್ಟಿರಬಹುದು, ಇಜಿಆರ್ ಕೂಲರ್ (ಆ ಹೊಗೆಯನ್ನ ತಣ್ಣಗೆ ಮಾಡೋ ಭಾಗ) ಕಟ್ಟಿರಬಹುದು, ಇನ್‌ಟೇಕ್ ಥ್ರಾಟಲ್ ಸರಿಯಾಗಿ ಮುಚ್ತಾ ಇಲ್ದೇ ಇರಬಹುದು, ಮ್ಯಾಫ್ ಸೆನ್ಸರೇ ಜಾಸ್ತಿ ತೋರಿಸ್ತಿರಬಹುದು, ಟರ್ಬೊ ಆದ್ಮೇಲಿನ ಹೋಸಲ್ಲಿ ಗಾಳಿ ಸೋರ್ತಿರಬಹುದು. ಇಷ್ಟು ಅನುಮಾನ ಇಟ್ಕೊಂಡು ವಾಲ್ವ್ ಒಂದನ್ನೇ ಹಿಡಿಯೋದು ನ್ಯಾಯ ಅಲ್ಲ. ನನಗೆ ಪರಿಚಯದ ಒಬ್ಬ ಮೇಸ್ತ್ರಿ ಇದ್ದಾರೆ, ಡೀಸೆಲ್ ಗಾಡಿ ಕೆಲಸದಲ್ಲೇ ತಲೆ ಹಣ್ಣಾದವರು, ಅವರು ಹೇಳಿದ್ದು ಹೀಗೆ: "ಕೋಡು ಕಂಪ್ಲೇಂಟ್ ಕೊಡತ್ತೆ ಅಷ್ಟೇ ಕಣಪ್ಪಾ, ಕಳ್ಳನ್ನ ನಾವೇ ಹುಡುಕಿ ಹಿಡೀಬೇಕು." ಸ್ಕ್ಯಾನರ್ ಕೂಡ ಅವರದ್ದೇ ಕೊಟ್ರು, ವಾಲ್ವನ್ನ ನಾವೇ ಕಮಾಂಡ್ ಕೊಟ್ಟು ಆಡಿಸೋಕೆ ಆಗೋ ಥರದ್ದು. ಮಾಮೂಲಿ ಬ್ಲೂಟೂತ್ ಒಬಿಡಿ ಅಡಾಪ್ಟರ್‌ನಲ್ಲಿ ರೀಡಿಂಗ್ ನೋಡಬಹುದು, ಆದ್ರೆ ಈ ಆಕ್ಟಿವ್ ಟೆಸ್ಟ್ ಸಾಮಾನ್ಯವಾಗಿ ಆಗಲ್ಲ.

ಕೋಡ್‌ಗಳಲ್ಲೇ ಒಂದು ಸುಳಿವಿತ್ತು. ಪಿ0403 ಬಂದಿದ್ರೆ ವಾಲ್ವ್ ಕಂಟ್ರೋಲ್ ಸರ್ಕ್ಯೂಟ್ ತೊಂದ್ರೆ, ಪಿ0405 ಪಿ0406 ಬಂದಿದ್ರೆ ವಾಲ್ವ್ ಎಷ್ಟು ತೆರೆದಿದೆ ಅಂತ ಹೇಳೋ ಪೊಸಿಷನ್ ಸೆನ್ಸರ್ ಸಿಗ್ನಲ್ ತೀರಾ ಕಮ್ಮಿ ಅಥವಾ ತೀರಾ ಜಾಸ್ತಿ, ಪಿ0404 ಅಂದ್ರೆ ಹೇಳಿದ ಜಾಗಕ್ಕೂ ವಾಲ್ವ್ ಹೋದ ಜಾಗಕ್ಕೂ ತಾಳೆ ಆಗ್ತಿಲ್ಲ, ಪಿ0402 ಅಂದ್ರೆ ಫ್ಲೋ ಬೇಕಾದ್ದಕ್ಕಿಂತ ಜಾಸ್ತಿ. ಇವು ಯಾವೂ ನನ್ನ ಕಾರಲ್ಲಿ ಇರ್ಲಿಲ್ಲ, 0401 ಒಂದೇ. ವಾಲ್ವ್ ಮೋಟರ್ ಕೈಕೊಟ್ಟಿದ್ರೆ ಅಥವಾ ವಾಲ್ವ್ ಅರ್ಧಕ್ಕೇ ಸಿಕ್ಕಿಹಾಕ್ಕೊಂಡಿದ್ರೆ 0403 ಅಥವಾ 0404 ಜೊತೆಗೆ ಬರೋ ಸಾಧ್ಯತೆ ಜಾಸ್ತಿ. ಆಗ್ಲೇ ನನಗೆ ವಾಲ್ವ್ ಮೇಲಿನ ಅನುಮಾನ ಅರ್ಧ ಕಮ್ಮಿ ಆಯ್ತು. ಫ್ರೀಜ್ ಫ್ರೇಮ್ ಕೂಡ ನೋಡ್ದೆ, ಅಂದ್ರೆ ಕೋಡ್ ಬಿದ್ದ ಗಳಿಗೆಯಲ್ಲಿ ಎಂಜಿನ್ ಸ್ಥಿತಿ ಏನಿತ್ತು ಅಂತ ಇಸಿಯು ಬರೆದಿಟ್ಕೊಳ್ಳೋದು. ಕೂಲಂಟ್ ಪೂರ್ತಿ ಬಿಸಿ, ಆರ್‌ಪಿಎಂ 1900 ಆಸುಪಾಸು, ಲೋಡ್ ಕಮ್ಮಿ. ಇಜಿಆರ್ ಚೆನ್ನಾಗಿ ತೆರೆದಿರಬೇಕಾದ ಸ್ಥಿತಿ ಅದು. ದಯವಿಟ್ಟು ಕೋಡ್ ಕ್ಲಿಯರ್ ಮಾಡೋ ಮುಂಚೆ ಇದನ್ನ ಬರೆದಿಟ್ಕೊಳ್ಳಿ, ಕ್ಲಿಯರ್ ಮಾಡಿದ್ರೆ ಇದೂ ಅಳಿಸಿ ಹೋಗತ್ತೆ.

ಆಮೇಲೆ ಬಾನೆಟ್ ಎತ್ತಿ ಕಣ್ಣಲ್ಲಿ ನೋಡೋ ಕೆಲಸ. ಇಜಿಆರ್ ಪೈಪ್ ಜಾಯಿಂಟ್‌ಗಳ ಸುತ್ತ ಕಪ್ಪು ಮಸಿ ಚೆಲ್ಲಿದ್ರೆ ಗ್ಯಾಸ್ಕೆಟ್ ಸೋರ್ತಿದೆ ಅಂತ, ಅದಿರ್ಲಿಲ್ಲ. ಇಂಟರ್‌ಕೂಲರ್ ಹೋಸ್‌ಗಳನ್ನ ಕೈಯಲ್ಲಿ ಒತ್ತಿ ತಿರುಚಿ ನೋಡ್ದೆ, ಬಿರುಕಿಲ್ಲ, ಕ್ಲಾಂಪ್ ಬಿಗಿಯಾಗಿದೆ, ಒಂದು ಜಾಯಿಂಟಲ್ಲಿ ಸ್ವಲ್ಪ ಆಯಿಲ್ ಜಿಡ್ಡು ಇತ್ತು, ಅದನ್ನ ನೆನಪಲ್ಲಿ ಇಟ್ಕೊಂಡೆ. ಇಜಿಆರ್ ವಾಲ್ವಿನ ಕನೆಕ್ಟರ್ ಬಿಚ್ಚಿ ಪಿನ್ ನೋಡ್ದೆ, ಹಸಿರು ಕಟ್ಟಿರ್ಲಿಲ್ಲ. ಕೀ ಆನ್ ಮಾಡಿ ಮಲ್ಟಿಮೀಟರಲ್ಲಿ ಪೊಸಿಷನ್ ಸೆನ್ಸರ್‌ನ ರೆಫರೆನ್ಸ್ ವೈರಲ್ಲಿ 5 ವೋಲ್ಟ್ ಬರ್ತಿತ್ತು, ಗ್ರೌಂಡ್ ಸರಿಯಿತ್ತು, ಕನೆಕ್ಟರ್ ವಾಪಸ್ ಹಾಕಿ ಹಿಂದಿನಿಂದ ಸಿಗ್ನಲ್ ವೈರ್ ನೋಡಿದ್ರೆ ಮುಚ್ಚಿದಾಗ 1 ವೋಲ್ಟಿಗಿಂತ ಸ್ವಲ್ಪ ಕಮ್ಮಿ. ಈ ಮುಚ್ಚಿದಾಗಿನ ನಂಬರ್ ಕಾರಿಂದ ಕಾರಿಗೆ ಬೇರೆ, ಕೆಲವದರಲ್ಲಿ ತಿರುಗುಮುರುಗೂ ಇರತ್ತೆ, ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ನೋಡ್ಕೊಂಡೇ ತೀರ್ಮಾನ ಮಾಡಿ.

ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಎರಡು ನಂಬರ್ ಹುಡುಕಿ, ಕಮಾಂಡೆಡ್ ಇಜಿಆರ್ ಮತ್ತು ಇಜಿಆರ್ ಎರರ್. ಮೊದಲನೇದು ಇಸಿಯು ಎಷ್ಟು ತೆಗಿ ಅಂದಿದೆ ಅಂತ, ಎರಡನೇದು ಹೇಳಿದ್ದಕ್ಕೂ ಆಗಿದ್ದಕ್ಕೂ ಇರೋ ವ್ಯತ್ಯಾಸ, ಶೇಕಡಾವಾರು. ಇಲ್ಲೊಂದು ವಿಷಯ ಗೊತ್ತಿರ್ಲಿ, ಕಮಾಂಡ್ 0 ಇರುವಾಗ ವಾಲ್ವ್ ಒಂಚೂರು ತೆರೆದಿದ್ರೂ ಎರರ್ 99.2 ಅಂತ ತೋರಿಸತ್ತೆ, ಯಾಕಂದ್ರೆ ಸೊನ್ನೆಯಿಂದ ಭಾಗಿಸೋಕೆ ಆಗಲ್ಲ ಅಂತ ಅಲ್ಲಿ ಇರೋ ಅತಿ ದೊಡ್ಡ ನಂಬರನ್ನೇ ಹಾಕ್ತಾರೆ. ಅದನ್ನ ನೋಡಿ ಗಾಬರಿ ಬೀಳ್ಬೇಡಿ, ಕಮಾಂಡ್ 20, 30 ಇರುವಾಗ ಎಷ್ಟಿದೆ ನೋಡಿ. ನನ್ನದರಲ್ಲಿ ಆಗ ಎರಡು ಮೂರರ ಒಳಗೇ ಇತ್ತು. ಅಂದ್ರೆ ವಾಲ್ವ್ ಹೇಳಿದ ಮಾತು ಕೇಳ್ತಿದೆ. ಹೊಸದು ಹಾಕಿದ್ರೂ ಅದೂ ಇಷ್ಟೇ ಕೇಳೋದು.

ಮುಂದಿನ ಪ್ರಶ್ನೆ ಮ್ಯಾಫ್ ಸೆನ್ಸರನ್ನ ನಂಬಬಹುದಾ ಅಂತ. ಇದಕ್ಕೊಂದು ಲೆಕ್ಕ ಇದೆ, ನನಗೆ ಈ ಇಡೀ ಕೆಲಸದಲ್ಲಿ ತುಂಬಾ ಇಷ್ಟ ಆದ ಭಾಗ ಇದೇ, ಪೆನ್ನು ಪೇಪರ್ ಇದ್ರೆ ಸಾಕು. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದ್ಸಲ ತನ್ನ ಪೂರ್ತಿ ಸಿಸಿಯಷ್ಟು ಗಾಳಿ ನುಂಗತ್ತೆ. ನನ್ನದು 1.5 ಲೀಟರ್, ಐಡ್ಲಿಂಗ್ 800 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ 400 ಸಲ 1.5 ಲೀಟರ್, 600 ಲೀಟರ್ ಆಯ್ತು, ಸೆಕೆಂಡಿಗೆ 10 ಲೀಟರ್. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ, ಹಾಗಾಗಿ ಪೂರ್ತಿ ತುಂಬಿದ್ರೆ ಸೆಕೆಂಡಿಗೆ 12 ಗ್ರಾಂ, ಆದ್ರೆ ಯಾವ ಎಂಜಿನ್ನೂ ಐಡ್ಲಿಂಗ್‌ನಲ್ಲಿ ಪೂರ್ತಿ ತುಂಬ್ಕೊಳ್ಳಲ್ಲ, ಶೇಕಡಾ 85ರಿಂದ 90 ಅಂತ ಇಟ್ಕೊಂಡ್ರೆ 10ರಿಂದ 11 ಗ್ರಾಂ. ಸ್ಕ್ಯಾನರಲ್ಲಿ ಇಜಿಆರ್ ವಾಲ್ವನ್ನ ಪೂರ್ತಿ ಮುಚ್ಚಿಸಿ ಮ್ಯಾಫ್ ನೋಡಿದ್ರೆ 10.4. ಲೆಕ್ಕಕ್ಕೆ ಸರಿಯಾಗಿ ಕೂತಿತು. ಒಂದು ವೇಳೆ 14, 15 ತೋರಿಸಿದ್ರೆ ಸೆನ್ಸರ್ ಜಾಸ್ತಿ ಹೇಳ್ತಿದೆ ಅಂತ, ಅಂಥ ಸೆನ್ಸರ್ ಒಂದೇ ಸಾಕು ಪಿ0401 ಬರೋಕೆ, ಯಾಕಂದ್ರೆ ಗಾಳಿ ಇನ್ನೂ ಜಾಸ್ತಿ ಇದೆ ಹೊಗೆ ಸಾಲ್ದು ಅಂತ ಇಸಿಯು ವಾಲ್ವ್ ತೆಗೀತಾನೇ ಹೋಗತ್ತೆ. 6, 7 ತೋರಿಸಿದ್ರೆ ಸೆನ್ಸರ್ ಕಮ್ಮಿ ಹೇಳ್ತಿದೆ, ಇಲ್ಲಾ ಮುಚ್ಚು ಅಂದ್ರೂ ವಾಲ್ವ್ ಪೂರ್ತಿ ಮುಚ್ತಿಲ್ಲ.

ಆಮೇಲೆ ನಿಜವಾದ ಪರೀಕ್ಷೆ. ಎಂಜಿನ್ ಪೂರ್ತಿ ಬಿಸಿಯಾಗಿರ್ಬೇಕು, ಎಸಿ ಆಫ್, ಲೈಟ್ ಆಫ್. ವಾಲ್ವ್ ಮುಚ್ಚಿದ್ದಾಗ 10.4 ಇತ್ತಲ್ಲ, ಈಗ ಸ್ಕ್ಯಾನರಿಂದ ಪೂರ್ತಿ ತೆಗಿ ಅಂತ ಕಮಾಂಡ್ ಕೊಟ್ಟೆ. ಚೆನ್ನಾಗಿರೋ ಡೀಸೆಲ್ ಎಂಜಿನ್ನಲ್ಲಿ ರೀಡಿಂಗ್ ಹತ್ತಿರ ಹತ್ತಿರ ಅರ್ಧಕ್ಕೆ ಬೀಳುತ್ತೆ, ಎಂಜಿನ್ ಸದ್ದೂ ಮೆತ್ತಗಾಗತ್ತೆ ಅಂತ ಮೇಸ್ತ್ರಿ ಹೇಳಿದ್ರು. ನನ್ನದರಲ್ಲಿ ಪೊಸಿಷನ್ ಸೆನ್ಸರ್ ಪೂರ್ತಿ ತೆರೆದಿದೆ ಅಂತಿದೆ, ವಾಲ್ವ್ ಆಡಿದ ಸದ್ದೂ ಕೇಳ್ತು, ಮ್ಯಾಫ್ ಮಾತ್ರ 9.1ಕ್ಕೆ ಬಂದು ನಿಂತುಬಿಡ್ತು. ಮುಚ್ಚಿದ್ರೆ ಮತ್ತೆ 10.4. ಎಷ್ಟು ಸಲ ಮಾಡಿದ್ರೂ ಅಷ್ಟೇ. ಸದ್ದಲ್ಲೂ ಬದಲಾವಣೆ ಇಲ್ಲ. ಬಾಗಿಲು ತೆಗೆದಿದೆ, ಯಾರೂ ಒಳಗೆ ಬರ್ತಿಲ್ಲ.

ಇದನ್ನ ಮಾಡುವಾಗ ಒಂದು ಎಚ್ಚರಿಕೆ. ಕೆಲವು ಡೀಸೆಲ್ ಕಾರುಗಳಲ್ಲಿ ಬಹಳ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ರೆ ಇಸಿಯು ತಾನಾಗೇ ಇಜಿಆರ್ ಮುಚ್ಚಿಬಿಡತ್ತೆ, ಮಸಿ ಕಟ್ಟದೇ ಇರ್ಲಿ ಅಂತ. ಆಗ ಮ್ಯಾಫ್ ರೀಡಿಂಗ್ ತಟ್ಟಂತ ಮೇಲಕ್ಕೆ ಹೋಗತ್ತೆ, ಗೊತ್ತಿಲ್ದೋರು ಅದನ್ನೇ ಫಾಲ್ಟ್ ಅಂದ್ಕೊಳ್ತಾರೆ. ಒಂದ್ಸಲ ಆಕ್ಸಿಲರೇಟರ್ ಒತ್ತಿ ಬಿಟ್ಟು ಮತ್ತೆ ನೋಡಿ, ಜೊತೆಗೆ ಕಮಾಂಡ್ ನಂಬರ್ ಮೇಲೆ ಯಾವಾಗ್ಲೂ ಒಂದು ಕಣ್ಣಿರ್ಲಿ.

ಅಲ್ಲಿಗೆ ಉಳಿದದ್ದು ಮೂರು, ಥ್ರಾಟಲ್, ಕೂಲರ್, ದಾರಿ. ಡೀಸೆಲ್ ಎಂಜಿನ್ನಲ್ಲಿ ಥ್ರಾಟಲ್ ಯಾಕೆ ಅಂತ ಕೆಲವರಿಗೆ ಅನುಮಾನ ಬರಬಹುದು. ಹೊಗೆ ಹರೀಬೇಕಂದ್ರೆ ಎಕ್ಸಾಸ್ಟ್ ಕಡೆ ಒತ್ತಡ ಜಾಸ್ತಿ ಇನ್‌ಟೇಕ್ ಕಡೆ ಕಮ್ಮಿ ಇರ್ಬೇಕು, ಆ ವ್ಯತ್ಯಾಸ ಸಾಲ್ದೇ ಇದ್ದಾಗ ಇಸಿಯು ಇನ್‌ಟೇಕ್ ಥ್ರಾಟಲನ್ನ ಸ್ವಲ್ಪ ಮುಚ್ಚಿ ಎಳೆತ ಮಾಡತ್ತೆ. ಅದು ತೆರೆದೇ ಸಿಕ್ಕಿಹಾಕ್ಕೊಂಡ್ರೆ ಇಜಿಆರ್ ವಾಲ್ವ್ ಎಷ್ಟು ಚೆನ್ನಾಗಿದ್ರೂ ಫ್ಲೋ ಬರಲ್ಲ. ಸ್ಕ್ಯಾನರಲ್ಲಿ ಅದನ್ನೂ ಆಡಿಸಿದೆ, ಹೇಳಿದಷ್ಟು ಮುಚ್ತು, ಹೇಳಿದಷ್ಟು ತೆಗೀತು. ಅದನ್ನ ಬಿಟ್ಟೆ.

ಕೂಲರಲ್ಲಿ ಎರಡು ಥರ ತೊಂದ್ರೆ ಬರತ್ತೆ. ಒಳಗಿನ ಸಣ್ಣ ನಳಿಗೆಗಳು ಮಸಿ ಕಟ್ಟೋದು ಒಂದು, ಒಳಗೇ ಬಿರುಕು ಬಿಟ್ಟು ಕೂಲಂಟ್ ಹೊಗೆ ದಾರಿಗೆ ಸೋರೋದು ಇನ್ನೊಂದು. ಎರಡನೇದು ಅಪಾಯ, ಹೊರಗಡೆ ಒಂದು ಹನಿ ಕಾಣಲ್ಲ ಆದ್ರೆ ಕೂಲಂಟ್ ಕಮ್ಮಿ ಆಗ್ತಾನೇ ಇರತ್ತೆ, ಬಿಳಿ ಹೊಗೆ ಬರತ್ತೆ, ಎಷ್ಟೋ ಜನ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಹೆಡ್ ಬಿಚ್ಚಿಸ್ತಾರೆ. ನನ್ನ ಕಾರಲ್ಲಿ ಕೂಲಂಟ್ ಮಟ್ಟ ಇಳಿದಿರ್ಲಿಲ್ಲ, ಆದ್ರೂ ಪ್ರೆಷರ್ ಟೆಸ್ಟರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೋಡಿದ್ವಿ, ಮುಳ್ಳು ಅಲ್ಲಾಡ್ಲಿಲ್ಲ.

ಇಷ್ಟಾದ್ಮೇಲೇ ಸ್ಪ್ಯಾನರ್ ಕೈಗೆ ತಗೊಂಡಿದ್ದು. ಎಂಜಿನ್ ಪೂರ್ತಿ ತಣ್ಣಗಾಗೋವರೆಗೂ ಕಾದು ಬ್ಯಾಟರಿ ನೆಗೆಟಿವ್ ತೆಗೆದು ವಾಲ್ವ್ ಬಿಚ್ಚಿದ್ವಿ. ವಾಲ್ವ್ ಮುಖದ ಮೇಲೆ ಮಸಿ ಇತ್ತು, ಇರ್ಲೇಬೇಕು, ಆದ್ರೆ ಕೈಯಲ್ಲಿ ತಳ್ಳಿದ್ರೆ ನುಣ್ಣಗೆ ಆಡ್ತಿತ್ತು, ಸೀಟ್ ಚೆನ್ನಾಗಿ ಕೂರ್ತಿತ್ತು. ಕೂಲರ್ ಕಡೆ ಟಾರ್ಚ್ ಬಿಟ್ಟು ನೋಡಿದ್ರೆ ನಳಿಗೆಗಳಲ್ಲಿ ತೆಳ್ಳಗೆ ಒಣ ಮಸಿ, ಊದಿದ್ರೆ ಗಾಳಿ ಸಲೀಸಾಗಿ ಹೋಗ್ತಿತ್ತು. ಇನ್ನೊಂದು ಕಡೆ, ಅಂದ್ರೆ ವಾಲ್ವ್ ದಾಟಿ ಹೊಗೆ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚೋ ಭಾಗ) ಸೇರೋ ಜಾಗ, ಅಲ್ಲಿ ನೋಡಿ ಇಬ್ಬರೂ ಸುಮ್ಮನಾದ್ವಿ. ಎರಡು ಬೆರಳು ಸೇರಿಸಿ ತೂರಿಸೋ ಅಷ್ಟು ಅಗಲ ಇರಬೇಕಾದ ರಂಧ್ರದಲ್ಲಿ ಪೆನ್ಸಿಲ್ ಹೋಗೋವಷ್ಟು ಜಾಗ ಉಳಿದಿತ್ತು, ಸುತ್ತ ದಪ್ಪಗೆ ಜಿಡ್ಡು ಮಸಿ, ಮುಟ್ಟಿದ್ರೆ ಕೈಗೆ ಅಂಟ್ತಿತ್ತು. ಕೂಲರ್ ಹತ್ರ ಇದ್ದ ಮಸಿ ಒಣಗಿತ್ತು, ಇಲ್ಲಿದ್ದದ್ದು ಒದ್ದೆ. ಆ ವ್ಯತ್ಯಾಸಾನೇ ಪೂರ್ತಿ ಕಥೆ ಹೇಳ್ತು, ಹೊಗೆಯಲ್ಲಿ ಬರೋ ಒಣ ಮಸಿ ಈ ಜಾಗದಲ್ಲಿ ಆಯಿಲ್ ಆವಿ ಜೊತೆ ಸೇರಿ ಗಟ್ಟಿಯಾಗಿ ಕೂತಿದೆ.

ಕ್ಲೀನ್ ಮಾಡೋದು ಕೊಳಕು ಕೆಲಸ, ಅದಕ್ಕಿಂತ ಜಾಸ್ತಿ ಏನಿಲ್ಲ. ಆದ್ರೆ ಮ್ಯಾನಿಫೋಲ್ಡ್ ಎಂಜಿನ್ ಮೇಲೇ ಇದ್ದಾಗ ಕೆರೆಯೋದು ಬೇಡ, ಗಟ್ಟಿ ಚೂರು ಒಳಗೆ ಬಿದ್ರೆ ನೇರ ಸಿಲಿಂಡರಿಗೇ ಹೋಗೋದು. ನಾವು ಮ್ಯಾನಿಫೋಲ್ಡ್ ಬಿಚ್ಚಿ ಪೋರ್ಟ್‌ಗಳಿಗೆ ಬಟ್ಟೆ ತುರುಕಿ, ಬಿಚ್ಚಿದ್ದನ್ನ ಹೊರಗಡೆ ಗಾಳಿಯಾಡೋ ಕಡೆ ಇಟ್ಕೊಂಡು ಕಾರ್ಬ್ ಕ್ಲೀನರಲ್ಲಿ ನೆನೆಸಿ ಮರದ ಕಡ್ಡೀಲಿ, ನೈಲಾನ್ ಬ್ರಷ್ಷಲ್ಲಿ ತೆಗೆದ್ವಿ. ವಾಲ್ವಿನ ಮೋಟರ್ ಭಾಗಕ್ಕೆ ಒಂದು ಹನಿ ಕ್ಲೀನರ್ ಬೀಳಕ್ಕೂ ಬಿಡಬೇಡಿ. ಗ್ಯಾಸ್ಕೆಟ್ ಹಳೇದನ್ನೇ ಹಾಕಬೇಡಿ. ಜೋಡಿಸಿದ್ಮೇಲೆ ಸ್ಕ್ಯಾನರಲ್ಲಿ ವಾಲ್ವ್ ಲರ್ನಿಂಗ್ ಮಾಡಿಸಿ, ಯಾಕಂದ್ರೆ ಮಸಿ ಇದ್ದಾಗ ಮುಚ್ಚಿದ ಜಾಗ ಯಾವುದು ಅಂತ ಇಸಿಯು ಕಲ್ತಿರತ್ತೋ ಅದು ಈಗ ಬದಲಾಗಿರತ್ತೆ.

ಎಂಜಿನ್ ಬಿಸಿ ಮಾಡಿ ಮತ್ತೆ ಅದೇ ಟೆಸ್ಟ್. ಮುಚ್ಚಿದಾಗ 10.4, ತೆಗೆದಾಗ 5.6. ಸದ್ದು ಕೂಡ್ಲೇ ಮೆತ್ತಗಾಯ್ತು, ಕಿವಿಗೇ ಗೊತ್ತಾಗೋ ಹಾಗೆ. ಬದಲಾಯಿಸಿದ್ದು ಗ್ಯಾಸ್ಕೆಟ್ ಮಾತ್ರ, ವಾಲ್ವ್ ಅದೇ ಹಳೇದು. ಕೋಡ್ ಕ್ಲಿಯರ್ ಮಾಡಿದ್ರೆ ಸಾಲ್ದು, ಇಜಿಆರ್ ಮಾನಿಟರ್, ಅಂದ್ರೆ ಇಸಿಯು ತಾನೇ ಇಜಿಆರ್ ಪರೀಕ್ಷೆ ಮಾಡ್ಕೊಳ್ಳೋದು, ರೆಡಿ ಅಂತ ಬರ್ಬೇಕು, ಅದಕ್ಕೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಬಿಸಿಯಾಗೋವರೆಗೆ ಓಡಿಸಿ, ಒಂದೇ ಸ್ಪೀಡಲ್ಲಿ ಸ್ವಲ್ಪ ದೂರ ಹೋಗಿ, ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡಿ, ಹೀಗೆ ಓಡಿಸ್ಬೇಕು. ಅದು ರೆಡಿ ಆಗಿ, ಪೆಂಡಿಂಗ್ ಕೋಡೂ ಇಲ್ಲ ಅಂದ್ಮೇಲೇ ಮೇಸ್ತ್ರಿ ಸ್ಕ್ಯಾನರ್ ವಾಪಸ್ ತಗೊಂಡಿದ್ದು.

ಹಳೇ ಪೆಟ್ರೋಲ್ ಕಾರು ಇರೋರಿಗೆ, ವಾಲ್ವ್ ವ್ಯಾಕ್ಯೂಮಲ್ಲಿ ಕೆಲಸ ಮಾಡೋ ಥರದ್ದಾದ್ರೆ, ಇಷ್ಟೆಲ್ಲ ಸ್ಕ್ಯಾನರ್ ಬೇಡ, ಕೈಯಲ್ಲಿ ಒತ್ತೋ ವ್ಯಾಕ್ಯೂಮ್ ಪಂಪ್ ಸಾಕು. ಐಡ್ಲಿಂಗ್‌ನಲ್ಲಿ ವಾಲ್ವಿನ ಹೋಸ್ ತೆಗೆದು ಪಂಪ್ ಹಾಕಿ ಎಳೀರಿ. ಎಂಜಿನ್ ತಡವರಿಸಿ ನಿಲ್ಲೋ ಹಾಗಾದ್ರೆ ವಾಲ್ವೂ ಸರಿ, ದಾರೀನೂ ಸರಿ, ತೊಂದ್ರೆ ಸೊಲೆನಾಯ್ಡ್ (ವಾಲ್ವಿಗೆ ವ್ಯಾಕ್ಯೂಮ್ ಬಿಡೋ ಕರೆಂಟ್ ಸ್ವಿಚ್) ಅಥವಾ ಹೋಸ್ ಕಡೆ ಹುಡುಕಿ. ಪಂಪಿನ ಮೀಟರ್ ಮುಳ್ಳು ನಿಲ್ದೆ ಇಳಿದುಹೋದ್ರೆ ಡಯಾಫ್ರಮ್ ಹರಿದಿದೆ. ಮುಳ್ಳು ನಿಂತಿದೆ, ವಾಲ್ವ್ ಕಡ್ಡಿ ಮೇಲೆದ್ದಿದೆ, ಎಂಜಿನ್‌ಗೆ ಏನೂ ಆಗ್ಲಿಲ್ಲ ಅಂದ್ರೆ ದಾರಿ ಕಟ್ಟಿದೆ. ಕೆಲವು ವಾಲ್ವ್‌ಗಳು ಎಕ್ಸಾಸ್ಟ್ ಒತ್ತಡ ಇದ್ರೆ ಮಾತ್ರ ವ್ಯಾಕ್ಯೂಮ್ ಹಿಡಿಯೋ ಥರ ಇರ್ತವೆ, ಯಾವ ಥರದ್ದು ಅಂತ ಮೊದಲು ತಿಳ್ಕೊಳ್ಳಿ.

ಇನ್ನು ಒಂದು ಪ್ಲೇಟ್ ಹಾಕಿ ಇಜಿಆರ್ ಮುಚ್ಚಿಬಿಡು ಅಂತ ನನಗೂ ಬಹಳ ಜನ ಹೇಳಿದ್ರು. ನಾನು ಒಪ್ಪಲ್ಲ. ಪ್ಲೇಟ್ ಹಾಕಿದ್ರೆ ಮ್ಯಾಫ್ ಇಳಿಯಲ್ಲ, ಮತ್ತೆ ಅದೇ ಪಿ0401, ಆಮೇಲೆ ಆ ಕೋಡ್ ಬರದೇ ಇರ್ಲಿ ಅಂತ ಸಾಫ್ಟ್‌ವೇರ್ ತಿದ್ದಿಸ್ಬೇಕು, ಬಹಳ ಕಡೆ ಅದು ಕಾನೂನಿಗೂ ವಿರುದ್ಧ. ಅದೆಲ್ಲ ಹಾಗಿರ್ಲಿ, ನನ್ನ ಕಾರಿನ ಹಿಂದೆ ಬೈಕಲ್ಲಿ ಬರೋರು, ಸಿಗ್ನಲಲ್ಲಿ ಪಕ್ಕದಲ್ಲಿ ನಿಂತಿರೋ ಮಕ್ಕಳು ಆ ನಾಕ್ಸ್ ಕುಡೀಬೇಕು. ಮಸಿ ತೆಗೆದ್ರೆ ಸರಿಹೋಗೋ ವಿಷಯಕ್ಕೆ ಹಾಗೆ ಮಾಡೋಕೆ ನನಗೆ ಮನಸ್ಸು ಬರ್ಲಿಲ್ಲ.

ಕ್ಲೀನ್ ಮಾಡಿದ್ರೂ ಆಯಿಲ್ ಎಲ್ಲಿಂದ ಬರ್ತಿದೆ ಅಂತ ನೋಡ್ದೇ ಬಿಟ್ರೆ ಆ ರಂಧ್ರ ಮತ್ತೆ ಕಟ್ಟೋದೇ. ಇಂಟರ್‌ಕೂಲರ್ ಹೋಸಲ್ಲಿ ಜಿಡ್ಡು ಕಂಡಿತ್ತಲ್ಲ, ಅದರ ಜಾಡು ಹಿಡಿದು ಹಿಂದಕ್ಕೆ ಹೋದ್ವಿ. ಮೊದಲು ಟರ್ಬೊ ಶಾಫ್ಟ್ ಅಲ್ಲಾಡಿಸಿ ನೋಡಿದ್ವಿ, ಆಟ ಇಲ್ಲ, ಗಾಳಿ ಕಡೆಯ ಸೀಲ್ ಹತ್ರ ಆಯಿಲ್ ನಿಂತಿರ್ಲಿಲ್ಲ. ಇನ್ನೂ ಹಿಂದೆ, ಕ್ರ್ಯಾಂಕ್‌ಕೇಸ್ ಆವಿಯನ್ನ ಇನ್‌ಟೇಕಿಗೆ ಬಿಡೋ ಬ್ರೀದರ್ ಹೋಸ್ ಬಿಚ್ಚಿದ್ರೆ ಅದರ ಬಾಯಲ್ಲಿ ಆಯಿಲ್ ತೊಟ್ಟಿಕ್ಕುತ್ತಿತ್ತು. ಆ ಆವಿಯಿಂದ ಆಯಿಲ್ ಬೇರೆ ಮಾಡೋ ಆಯಿಲ್ ಸೆಪರೇಟರ್ ಕೆಲಸ ಮಾಡ್ತಿರ್ಲಿಲ್ಲ, ಅದನ್ನ ಬದಲಾಯಿಸಿದ್ವಿ, ಎಂಜಿನ್ ಆಯಿಲ್ ಮಟ್ಟ ಮ್ಯಾಕ್ಸ್ ಗೆರೆಗಿಂತ ಮೇಲಿರದ ಹಾಗೆ ನೋಡ್ಕೊಂಡ್ವಿ. ಈಗ ಪ್ರತಿ ಆಯಿಲ್ ಚೇಂಜಿಗೆ ಹೋದಾಗ ವಾಲ್ವ್ ಮುಚ್ಚಿದಾಗಿನ ಮ್ಯಾಫ್ ಮತ್ತು ತೆಗೆದಾಗಿನ ಮ್ಯಾಫ್ ಎರಡನ್ನೂ ಸರ್ವಿಸ್ ಬುಕ್ಕಲ್ಲಿ ಬರೆಸ್ತೀನಿ, ತೆಗೆದಾಗಿನ ನಂಬರ್ 7 ದಾಟಿದ್ರೆ ಲೈಟ್ ಹತ್ತೋಕೆ ಕಾಯದೆ ಮ್ಯಾನಿಫೋಲ್ಡ್ ಬಿಚ್ಚೋಣ ಅಂತ ಮೇಸ್ತ್ರಿ ಹೇಳಿದಾರೆ.